ಒಡೆಲ್ ಪ್ರಫಿಟ್‌ನ ದಿಂಬು ಮತ್ತು ಹಳದಿ ಬಾವುಟ

ನಮ್ಮ ಭಾವ ಒಡೆಲ್ ಪ್ರಫಿಟ್‌ಗೆ ತಪ್ಪು ಹುಡುಕುವುದಕ್ಕೆಂದೇ ಸಂಬಳ ಕೊಡುತ್ತಿದ್ದರು. ಬ್ರೈಯರ್ ಫೋರ್ಕಿನ ಕುರ್ಚಿ ಕಾರ್ಖಾನೆಯಲ್ಲಿ ಸಾಲಿನ ಕಟ್ಟಕಡೆಗೆ ನಿಂತು, ಬಂದ ಪ್ರತಿ ಕುರ್ಚಿಯನ್ನೂ ತಲೆಕೆಳಗು ಮಾಡಿ, ಕಾಲು ಅಲ್ಲಾಡಿಸಿ, ಬಣ್ಣದ ಮೇಲೆ ಬೆರಳಾಡಿಸಿ, ಚೂರು ಊನ ಕಂಡರೂ ಪಕ್ಕಕ್ಕೆ ತಳ್ಳುವುದು ಅವನ ಕೆಲಸ. ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಯಿತು. ಚಾಳಿ ಮಾತ್ರ ಬಿಡಲಿಲ್ಲ. ಈಗಲೂ ಯಾರ ಮನೆಗೆ ಹೋದರೂ ಕುರ್ಚಿಯನ್ನು ಒಮ್ಮೆ ಅಲ್ಲಾಡಿಸಿ ನೋಡಿಯೇ ಕೂರುವುದು. ನಮ್ಮಕ್ಕ ಆರ್ವೆಲ್ಲಾಳನ್ನು ಕಟ್ಟಿಕೊಳ್ಳುವುದಕ್ಕೆ ಎಷ್ಟೋ ಮೊದಲೇ ನನ್ನ ಜೊತೆ ಶಾಲೆ ತಪ್ಪಿಸಿ ಹೊಳೆಯಲ್ಲಿ ಮೀನು ಹಿಡಿದವನು ಅವನು, ಹಾಗಾಗಿ ಮರ್ಯಾದೆಯ ಮಾತು ನನ್ನ ಬಾಯಿಗೆ ಬರುವುದಿಲ್ಲ. ನೀವು ಬೇಜಾರು ಮಾಡಿಕೊಳ್ಳಬೇಡಿ.

ಶನಿವಾರ ಬಂತೆಂದರೆ ಆ ಚಾಳಿಯನ್ನೆಲ್ಲ ಮೂಟೆ ಕಟ್ಟಿಕೊಂಡು ಕಾರ್ ರೇಸಿನ ಟ್ರ್ಯಾಕಿಗೆ ಬರುತ್ತಾನೆ. ನಾಲ್ಕನೇ ತಿರುವಿನ ಎದುರಿಗೆ, ಸ್ಟ್ಯಾಂಡಿನ ಮೇಲಿಂದ ಎರಡನೇ ಮೆಟ್ಟಿಲಲ್ಲಿ ನಮ್ಮಿಬ್ಬರ ಜಾಗ. ಅವನ ಸರಂಜಾಮು ನೋಡಿದರೆ ಯುದ್ಧಕ್ಕೆ ಹೊರಟವನ ಹಾಗೆ. ಕುತ್ತಿಗೆಗೆ ದುರ್ಬೀನು, ಕಿವಿಗೆ ರೇಡಿಯೋದ ದೊಡ್ಡ ಹೆಡ್‌ಫೋನು, ತೊಡೆಯ ಮೇಲೆ ಬೇಯಿಸಿದ ಕಡಲೆಕಾಯಿಯ ಚೀಲ, ಕೆಳಗೆ ದಿಂಬು. ರೇಡಿಯೋದಲ್ಲಿ ಡ್ರೈವರುಗಳ ಮಾತೂ ಕೇಳುತ್ತದೆ, ರೇಸ್ ನಡೆಸುವವರು ಮೇಲಿನ ಕೋಣೆಯಿಂದ ಆಡುವ ಮಾತೂ ಕೇಳುತ್ತದೆ. ಅಂದರೆ ತಪ್ಪು ಆಗುವುದಕ್ಕೆ ಮುಂಚೆಯೇ ತಪ್ಪು ಹಿಡಿಯಬಹುದು. ದಿಂಬನ್ನು ಅಕ್ಕ ಕಾರ್ಖಾನೆಯ ಉಳಿಕೆ ಬಟ್ಟೆಯಲ್ಲಿ ಹೊಲಿದುಕೊಟ್ಟಿದ್ದಳು. ಹಿಂದಿನದನ್ನು ಯಾರೋ ಎತ್ತಿಕೊಂಡು ಹೋಗಿದ್ದರಿಂದ ಈ ಸಲ ಕೆಂಪು ದಾರದಲ್ಲಿ ದೊಡ್ಡದಾಗಿ 'ಪ್ರಫಿಟ್' ಎಂದು ಹೆಸರು ಹಾಕಿದ್ದಳು.

ಹಸಿರು ಬಾವುಟ ಎಂದರೆ ಓಡಿ, ಹಳದಿ ಎಂದರೆ ಮುಂದೆ ಅಪಾಯ, ನಿಧಾನ. ರೇಸಿನ ವಿಷಯದಲ್ಲಿ ಭಾವನದು ಎರಡೇ ಸಿದ್ಧಾಂತ. ಸುಮ್ಮಸುಮ್ಮನೆ ಹಳದಿ ಬಾವುಟ ಬೀಸಿ ಆಟ ನಿಲ್ಲಿಸಬಾರದು, ಇದೊಂದು. ನಿಯಮ ಎಂದ ಮೇಲೆ ಎಲ್ಲರಿಗೂ ಒಂದೇ ಇರಬೇಕು, ಇದು ಇನ್ನೊಂದು. ಟ್ರ್ಯಾಕಿನ ಬಾಗಿಲಲ್ಲಿ ಒಂದು ಫಲಕ ಇದೆ: ಟ್ರ್ಯಾಕಿನ ಮೇಲೆ ಏನನ್ನಾದರೂ ಎಸೆದವರಿಗೆ ಸೀಸನ್ ಮುಗಿಯುವ ತನಕ ಪ್ರವೇಶ ಇಲ್ಲ. ಹಿಂದೊಮ್ಮೆ ಯಾರೋ ಎಸೆದ ಬಿಯರ್ ಡಬ್ಬಿ ಒಂದು ಕಾರಿನ ಮುಂಗಾಜಿಗೆ ಬಡಿದಾಗ, ಟ್ರ್ಯಾಕಿನ ಯಜಮಾನ ಬರ್ಲ್ ಆಬ್ಶರ್‌ನ ಬೆನ್ನು ಬಿದ್ದು ಆ ಫಲಕ ಬರೆಸಿದವನು ಭಾವನೇ. ಕೊನೆಯಲ್ಲಿ 'ಯಾರೇ ಆಗಿರಲಿ' ಎಂಬ ಎರಡು ಮಾತು ಸೇರಿಸಿದ್ದೂ ಅವನೇ, ಸ್ವಂತ ಬಣ್ಣದಲ್ಲಿ. ಅಕ್ಷರ ಸ್ವಲ್ಪ ಸೊಟ್ಟಗಿದೆ.

ಇಷ್ಟೆಲ್ಲ ಸ್ಪಷ್ಟವಾಗಿದ್ದ ಮನುಷ್ಯನೂ ಒಂದು ವಿಷಯದಲ್ಲಿ ನನಗೆ ಅರ್ಥವೇ ಆಗುತ್ತಿರಲಿಲ್ಲ. ಮೆತ್ತನೆಯ ಗೋಡೆ, ಕುತ್ತಿಗೆಗೆ ಪಟ್ಟಿ, ಅದು ಇದು ಎಂದು ರೇಸನ್ನು ಹಾಲೂಡಿಸುವ ಕೂಸು ಮಾಡಿಬಿಟ್ಟರು ಎಂದು ದಿನವಿಡೀ ಬೈಯುತ್ತಿದ್ದ. ಆದರೆ ಯಾವುದಾದರೂ ಕಾರು ಗೋಡೆಗೆ ಬಡಿಯಿತೋ, ಮೊದಲು ಎದ್ದು ನಿಲ್ಲುವವನು ಅವನೇ. ಡ್ರೈವರ್‌ನ ಪಕ್ಕದ ಕಿಟಕಿಗೆ ಗಾಜಿರುವುದಿಲ್ಲ, ದಪ್ಪ ಪಟ್ಟಿಯ ಬಲೆ ಇರುತ್ತದೆ. ಬಡಿದು ನಿಂತ ಮೇಲೆ ಡ್ರೈವರ್ ಆ ಬಲೆಯನ್ನು ಕಳಚಿ ಇಳಿಬಿಟ್ಟರೆ 'ನಾನು ಚೆನ್ನಾಗಿದ್ದೇನೆ' ಎಂದು ಅರ್ಥ. ಅದು ಇಳಿಯುವ ತನಕ ಭಾವನ ದುರ್ಬೀನು ಅಲ್ಲಾಡುವುದಿಲ್ಲ, ಬಾಯಲ್ಲಿದ್ದ ಕಡಲೆಕಾಯಿ ಒಳಗೂ ಹೋಗುವುದಿಲ್ಲ, ಹೊರಗೂ ಬರುವುದಿಲ್ಲ. ಬಲೆ ಇಳಿದ ಮರುಗಳಿಗೆ "ಹಸಿರು ತೋರ್ಸ್ರೋ, ಏನ್ ಮದ್ವೆ ಮನೆ ಊಟಕ್ಕೆ ಕುಂತಿದೀರಾ" ಎಂದು ಶುರು. ಅಪಾಯ ಬೇಕೋ ಬೇಡವೋ ಎಂದು ಕೇಳಿದರೆ ಕಡಲೆಕಾಯಿಯ ಚೀಲ ನನ್ನ ಕಡೆ ಚಾಚುತ್ತಿದ್ದ. ನಾನೂ ತೆಗೆದುಕೊಂಡು ಸುಲಿಯುತ್ತಿದ್ದೆ.

ಈ ವರ್ಷ ಬಾವುಟ ಬೀಸುತ್ತಿದ್ದ ಹಳಬನ ಮಂಡಿ ಕೈಕೊಟ್ಟಿತು. ಅವನ ಜಾಗಕ್ಕೆ ಆಬ್ಶರ್ ಕರೆದದ್ದು ಟ್ವೈಲಾಳನ್ನು, ಅಂದರೆ ಭಾವನ ಒಬ್ಬಳೇ ಮಗಳನ್ನು. ಅವಳು ವಾರವೆಲ್ಲ ರಸ್ತೆ ರಿಪೇರಿಯವರ ಜೊತೆ 'ನಿಲ್ಲಿ', 'ನಿಧಾನ' ಹಲಗೆ ಹಿಡಿದು ನಿಲ್ಲುವವಳು. ಬರುವ ಲಾರಿ ನಿಲ್ಲುತ್ತದೋ ಇಲ್ಲವೋ ಎಂದು ದೂರದಿಂದಲೇ ಹೇಳುತ್ತಾಳೆ. ಚಿಕ್ಕಂದಿನಿಂದ ನಮ್ಮಿಬ್ಬರ ನಡುವೆ ಕೂತು ಕಡಲೆಕಾಯಿ ಸುಲಿದವಳಿಗೆ ಆ ಕೆಲಸ ಸಿಕ್ಕಾಗ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಓಟ ಮುಗಿಯುವ ಗೆರೆಯ ಮೇಲೆ ಎತ್ತರದಲ್ಲಿ ಕಟ್ಟಿದ ಕಬ್ಬಿಣದ ಪಂಜರಕ್ಕೆ ಹತ್ತಿದ ಮೊದಲ ದಿನ ನಮ್ಮ ಕಡೆ ನೋಡಿ ಕೈಬೀಸಿದಳು. ಭಾವ ಕೈಬೀಸಲಿಲ್ಲ.

"ನನ್ ಮಗಳೇ ಆ ಕಡೆ ಸೇರ್ಕಂಡ್ಲಲ್ಲೋ ಕೋಯ್" ಎಂದ ನನಗೆ. ಕೋಯ್ ಎಂದರೆ ನಾನೇ.

"ಈಗ ಯಾರ್ನ ಬೈತೀಯಾ ಭಾವ?"

"ಅದೇ ತಿಳೀತಿಲ್ಲ ಕಣ್ಲಾ."

ಆಮೇಲೆ ಒಂದು ಉಪಾಯ ಮಾಡಿಕೊಂಡ. ಒಳ್ಳೆಯ ತೀರ್ಪೆಲ್ಲ ಟ್ವೈಲಾಳದು, ಕೆಟ್ಟದ್ದೆಲ್ಲ ಮೇಲಿನ ಕೋಣೆಯಲ್ಲಿ ಕೂತ ಆಬ್ಶರ್‌ನದು. ಬೇಸಿಗೆಯ ತನಕ ಹಾಗೆಯೇ ನಡೆಯಿತು.

ಆ ಶನಿವಾರ ಪಾದ್ರಿಯ ಪ್ರಾರ್ಥನೆ, ರಾಷ್ಟ್ರಗೀತೆ, ಎಲ್ಲ ಮುಗಿದು ದೊಡ್ಡ ರೇಸೂ ಕೊನೆಯ ಸುತ್ತಿಗೆ ಬಂದಿತ್ತು. ಎರಡನೆಯವನಾಗಿ ಓಡುತ್ತಿದ್ದವನು ರಾಡ್ನಿ ಕಾಡಿಲ್. ಭಾವ ಅವನ ಹೆಸರಿನ ಟೋಪಿ ಬಿಟ್ಟು ಬೇರೆ ಟೋಪಿ ಇಟ್ಟವನಲ್ಲ. ಆದರೆ ಈ ಕಾಡಿಲ್‌ಗೆ ನಮ್ಮೂರಿನಲ್ಲಿ ಗೆದ್ದವರಿಗೆ ಕೊಡುವ ಕಪ್ಪು ಒಮ್ಮೆಯೂ ದಕ್ಕಿಲ್ಲ. ಆ ದಿನ ಹಿಂಬದಿಯ ನೇರದಲ್ಲಿ ಒಳಗಡೆಯಿಂದ ನುಗ್ಗಿ ಮುಂದಿನವನನ್ನು ಹಿಂದೆ ಹಾಕಿಯೇಬಿಟ್ಟ. ಇಡೀ ಸ್ಟ್ಯಾಂಡು ಎದ್ದು ನಿಂತಿತು.

ಅದೇ ಹೊತ್ತಿಗೆ ನಮ್ಮ ಕಣ್ಣೆದುರು, ನಾಲ್ಕನೇ ತಿರುವು ಮುಗಿಯುವ ಕಡೆ, ಹಿಂದೆ ಬಿದ್ದಿದ್ದ ಲೇನ್ ಶೂಮೇಟ್ ಎಂಬ ಹುಡುಗನ ಕಾರು ಗಿರ್ರನೆ ತಿರುಗಿ ಅಡ್ಡಡ್ಡ ನಿಂತುಬಿಟ್ಟಿತು. ಭಾವ ದುರ್ಬೀನು ಏರಿಸಿದ.

"ಬಲೆ ಇಳ್ದದೆ, ಹುಡುಗ ಚೆನ್ನಾಗವ್ನೆ" ಎಂದ. "ಓಡ್ಲಿ, ಓಡ್ಲಿ ಬಿಡು."

ರೇಡಿಯೋದಲ್ಲಿ ಆಬ್ಶರ್ ಕೂಡ ಅದನ್ನೇ ಹೇಳಿದ: "ಬಲೆ ಇಳ್ದದೆ. ಹಸಿರೇ ಇರ್ಲಿ ಟ್ವೈಲಾ, ಬರ್ಲಿ ಅವ್ರು."

ಟ್ವೈಲಾ ಹಳದಿ ಬೀಸಿದಳು.

ನಮ್ಮ ಕಡೆ ಕೊನೆಯ ಸುತ್ತಿನಲ್ಲಿ ಹಳದಿ ಬಿದ್ದರೆ ರೇಸು ಅಲ್ಲಿಗೇ ಮುಗಿದ ಲೆಕ್ಕ, ಕೊನೆಯ ಸಲ ಗೆರೆ ದಾಟಿದಾಗ ಇದ್ದ ಸರದಿಯೇ ಸರದಿ. ಕಾಡಿಲ್ ಆಗ ಎರಡನೆಯವನು. ಗೆದ್ದಿದ್ದ ರೇಸು ಅವನ ಕೈಯಿಂದ ಜಾರಿಹೋಯಿತು. ಕಾರುಗಳೆಲ್ಲ ವೇಗ ಇಳಿಸಿ, ಶೂಮೇಟ್‌ನ ಅಕ್ಕಪಕ್ಕದಲ್ಲಿ ದನ ಸರಿದುಹೋಗುವ ಹಾಗೆ ಸರಿದುಹೋದವು. ಯಾರಿಗೂ ಏನೂ ಆಗಲಿಲ್ಲ. ಸ್ಟ್ಯಾಂಡಿನಲ್ಲಿ ಎದ್ದ ಬೈಗುಳ ಮಾತ್ರ ಪಕ್ಕದ ಊರಿಗೂ ಕೇಳಿಸಿರಬೇಕು. ಭಾವ ಟೋಪಿ ಹಿಂದೆ ಸರಿಸಿ, "ಕಣ್ಣೇನು ಮನೇಲಿ ಬಿಟ್ಟು ಬಂದಿದೀಯಾ" ಎಂದು ಕಿರುಚಿ, ಕೈಗೆ ಸಿಕ್ಕಿದ್ದನ್ನು ಬೀಸಿ ಎಸೆದ. ಪಂಜರದಲ್ಲಿ ನಿಂತಿರುವವಳು ತನ್ನ ಮಗಳು ಎಂಬುದು ಅವನಿಗೆ ನೆನಪಾದದ್ದು ಕೈ ಖಾಲಿಯಾದ ಮೇಲೆ. ಕೈಗೆ ಸಿಕ್ಕಿದ್ದು ದಿಂಬು. ಅದು ಬೇಲಿ ದಾಟಿ ಸೀದಾ ಟ್ರ್ಯಾಕಿನ ಮೇಲೆ, ಗೆರೆಯ ಪಕ್ಕದಲ್ಲೇ ಬಿತ್ತು.

ಭಾವ ಬರಿಯ ಹಲಗೆಯ ಮೇಲೆ ಕೂತ. ಟ್ರ್ಯಾಕಿನ ಕೆಲಸದವನೊಬ್ಬ ಓಡಿಬಂದು ದಿಂಬನ್ನು ಎತ್ತಿ, ಕೆಂಪು ದಾರದ ಹೆಸರು ನೋಡಿ, ತಲೆ ಎತ್ತಿ ಪಂಜರದ ಕಡೆ ನೋಡಿದ. ಟ್ವೈಲಾ ಕೈ ಚಾಚಿದಳು. ಅವನು ಏಣಿಯ ಮೇಲಿಂದ ಅದನ್ನು ಅವಳಿಗೆ ಕೊಟ್ಟ.

"ನೋಡಿದ್ಲಾ?" ಎಂದ ಭಾವ.

"ಓದು ಬಾರದೋಳಲ್ಲ ಭಾವ ಅವಳು."

ಮರುದಿನ ಭಾನುವಾರ ಚರ್ಚಿನಿಂದ ಬಂದು ಎಲ್ಲರೂ ಅಕ್ಕನ ಮನೆಯಲ್ಲಿ ಊಟಕ್ಕೆ ಕೂತೆವು. ಕರಿದ ಕೋಳಿ, ಬೀನ್ಸು, ಮೆಕ್ಕೆಜೋಳದ ಬ್ರೆಡ್ಡು. ದಿಂಬಿನ ಮಾತನ್ನು ಟ್ವೈಲಾ ಎತ್ತಲಿಲ್ಲ. ಭಾವನೂ ಎತ್ತಲಿಲ್ಲ, ಬೀನ್ಸನ್ನು ತಟ್ಟೆಯಲ್ಲಿ ಆ ಕಡೆಯಿಂದ ಈ ಕಡೆಗೆ ತಳ್ಳುತ್ತಿದ್ದ. ಅಕ್ಕನಿಗೆ ಏನೂ ಗೊತ್ತಿಲ್ಲ, ಅವಳು ಕೋಳಿ ಬಡಿಸುತ್ತಲೇ ಇದ್ದಳು.

"ಮಂಗಳವಾರ ಅಗ್ನಿಶಾಮಕದೋರ ಹಾಲ್‌ನಲ್ಲಿ ಸಭೆ ಕರ್ದವ್ರೆ" ಎಂದಳು ಟ್ವೈಲಾ. "ನಾನು ಮೇಲಿನ ಮಾತು ಮೀರಿದ್ನಲ್ಲ, ಅದಕ್ಕೆ. ಬಾವುಟ ನನ್ ಕೈಲೇ ಇರ್ಬೇಕೋ ಬೇಡ್ವೋ ಅಂತ ಅವತ್ತೇ ತೀರ್ಮಾನವಂತೆ."

"ಬಲೆ ಇಳ್ದಿತ್ತಲ್ಲ ಮಗಳೇ" ಎಂದ ಭಾವ, ತಟ್ಟೆಗೆ ಹೇಳಿದ ಹಾಗೆ. "ಬಲೆ ಇಳಿದ್ರೆ ಚೆನ್ನಾಗವ್ನೆ ಅಂತ ತಾನೇ?"

"ಚೆನ್ನಾಗಿದ್ರೆ ಏನ್ ಮಾಡ್ತಾನಪ್ಪ? ಇಳಿದು ಹೊರಗೆ ಬತ್ತಾನೆ. ಕಾರುಗಳು ಇನ್ನೂ ಓಡ್ತಿರೋವಾಗ್ಲೇ ಬಲೆ ಇಳ್ಸಿದಾನೆ ಅಂದ್ರೆ, ರೇಸ್ ನಿಂತದೆ ಅಂತ ಅವನು ಅನ್ಕಂಡವ್ನೆ ಅಂತ. ಇನ್ನೊಂದು ಗಳಿಗೆಗೆ ಕಾಲು ಹೊರಗಿಟ್ಟಿರೋನು. ಆಗ ಕಾಡಿಲ್ ಆ ತಿರುವಿಂದ ಬಂದಿದ್ರೆ?"

ಭಾವ ಫೋರ್ಕು ಕೆಳಗಿಟ್ಟ. ವರ್ಷಗಟ್ಟಲೆ ಇಳಿದ ಬಲೆಯಲ್ಲಿ ಅವನು ಒಂದೇ ಅರ್ಥ ಓದಿಕೊಂಡು ಬಂದಿದ್ದ. ಅದರಲ್ಲಿ ಇನ್ನೊಂದು ಅರ್ಥ ಇರಬಹುದೆಂದು ಅವನಿಗೂ ಹೊಳೆದಿರಲಿಲ್ಲ, ಆಬ್ಶರ್‌ಗೂ ಹೊಳೆದಿರಲಿಲ್ಲ, ನನಗಂತೂ ಬಿಡಿ. ಊಟ ಮುಗಿದ ಮೇಲೆ ಹೊರಗೆ ಬಂದು ವರಾಂಡದ ಕುರ್ಚಿಯನ್ನು ಅಲ್ಲಾಡಿಸಿ ನೋಡಿದ, ಕೂರಲಿಲ್ಲ.

"ಹುಡುಗಿ ಸರಿ ಮಾಡವ್ಳೆ ಕಣ್ಲಾ" ಎಂದ. ಕುರ್ಚಿಯನ್ನು ಇನ್ನೊಮ್ಮೆ ಅಲ್ಲಾಡಿಸಿ, "ಆದ್ರೂ ಕಾಡಿಲ್ ಗೆದ್ದಿದ್ದ" ಎಂದ.

ಮಂಗಳವಾರ ಹಾಲ್ ತುಂಬ ಜನ. ಮುಂದೆ ಮೇಜಿನ ಹಿಂದೆ ಆಬ್ಶರ್, ಪಕ್ಕದಲ್ಲಿ ಟ್ವೈಲಾ, ಅವಳ ಕಾಲ ಬಳಿ ಒಂದು ಚೀಲ. ಆ ಚೀಲ ನೋಡಿದ್ದೇ ಭಾವನ ಮುಖ ಬಿಳಿಚಿತು. ಜನ ಎರಡು ಪಾಲಾಗಿದ್ದರು. ಕಾಡಿಲ್‌ನ ಕಡೆಯವರು ಅವಳನ್ನು ತೆಗೆಯಿರಿ ಎಂದರು. ಹಳದಿಯಿಂದ ಗೆದ್ದ ಇನ್ನೊಂದು ಕಾರಿನವರು ಸಹಜವಾಗಿಯೇ ಅಂಥ ಬಾವುಟದವಳು ಸಿಕ್ಕಿದ್ದು ನಮ್ಮ ಪುಣ್ಯ ಎಂದರು. ಟ್ವೈಲಾ ಭಾನುವಾರ ನಮಗೆ ಹೇಳಿದ್ದನ್ನೇ ಅಲ್ಲೂ ಹೇಳಿದಳು. ಹಾಲ್‌ನಲ್ಲಿ ಗುಜುಗುಜು ನಿಂತು ಹಲವರು ತಲೆಯಾಡಿಸಿದರು. ಭಾವ ನನ್ನ ಪಕ್ಕೆ ತಿವಿದ.

ಅಷ್ಟರಲ್ಲಿ ಹಿಂದಿನಿಂದ ಶೂಮೇಟ್ ಎದ್ದ. ನಾಚಿಕೆಯ ಹುಡುಗ, ಟೋಪಿ ಕೈಯಲ್ಲಿ ಹಿಂಡುತ್ತಿದ್ದ.

"ಟ್ವೈಲಕ್ಕ, ಬೇಜಾರ್ ಮಾಡ್ಕೋಬೇಡಿ. ಬಲೆ ನಾನಿಳ್ಸಿದ್ದಲ್ಲ. ಕಾರ್ ತಿರುಗಿದಾಗ ಕೊಕ್ಕೆ ಬಿಟ್ಕಂಡು ತಾನೇ ಬಿದ್ದದ್ದು. ಬಿದ್ದಿದ್ದೇ ನಂಗೆ ಗೊತ್ತಿರ್ಲಿಲ್ಲ. ನಾನು ಸ್ಟಾರ್ಟ್ ಮಾಡೋಕೆ ಒದ್ದಾಡ್ತಿದ್ದೆ. ಹೊರಗೆ ಬರೋ ಯೋಚ್ನೆನೇ ಇರ್ಲಿಲ್ಲ."

ಬಲೆ ಇಳಿದಿದೆ, ಹುಡುಗ ಕ್ಷೇಮ ಎಂದ ಆಬ್ಶರ್‌ನ ಮಾತು ಸುಳ್ಳಾಯಿತು. ಬಲೆ ಇಳಿಸಿದ್ದಾನೆ, ಹೊರಗೆ ಬರುತ್ತಾನೆ ಎಂದ ಟ್ವೈಲಾಳ ಮಾತೂ ಸುಳ್ಳಾಯಿತು. ಹುಡುಗ ಹೇಗೂ ಕ್ಷೇಮವಾಗಿದ್ದ, ಹೊರಗೂ ಬರುತ್ತಿರಲಿಲ್ಲ. ಆದರೆ ಕಾರು ಅಡ್ಡ ನಿಂತಿದ್ದು ನಿಜ. ಹಳದಿ ಬೀಸಿದ್ದಕ್ಕೆ ಏನೂ ಆಗಲಿಲ್ಲವೋ, ಬೀಸದಿದ್ದರೂ ಏನೂ ಆಗುತ್ತಿರಲಿಲ್ಲವೋ? ಆಗದೇ ಹೋದದ್ದನ್ನು ಯಾವ ದುರ್ಬೀನಿನಲ್ಲಿ ನೋಡುವುದು? ನನ್ನ ತಲೆ ಕೆಟ್ಟ ಗಿರಣಿಯಾಯಿತು. ಟ್ವೈಲಾಳ ಮುಖ ನೋಡಿದೆ, ಅವಳ ಬಣ್ಣವೂ ಇಳಿದಿತ್ತು.

ಆಬ್ಶರ್ ಸುತ್ತ ನೋಡಿ, ಕೊನೆಗೆ ನಮ್ಮ ಸಾಲಿನ ಕಡೆ ತಿರುಗಿದ.

"ಒಡೆಲ್ಲು, ನಾನು ಏನ್ ಮಾಡಿದ್ರೂ ತಪ್ಪು ಅಂತ ಇಷ್ಟು ವರ್ಷ ಕೂಗ್ಕೊಂಡೇ ಬಂದಿದೀಯ. ಮಗಳು ಅನ್ನೋದು ಮರ್ತುಬಿಟ್ಟು ಹೇಳು. ಆ ಹಳದಿ ಸರಿನೋ ತಪ್ಪೋ?"

ಭಾವ ಎದ್ದು ನಿಂತ.

"ಗೊತ್ತಿಲ್ಲ" ಎಂದ.

ಯಾರೋ ಜೋರಾಗಿ ನಕ್ಕರು. ಒಡೆಲ್ ಪ್ರಫಿಟ್ ಬಾಯಲ್ಲಿ ಆ ಮಾತನ್ನು ಹಾಲ್‌ನಲ್ಲಿದ್ದ ಒಬ್ಬರೂ ಕೇಳಿರಲಿಲ್ಲ, ಅವನ ಹೆಂಡತಿಯ ತಮ್ಮ ನಾನೂ ಕೇಳಿರಲಿಲ್ಲ.

"ನಗಾಡಿ, ಪರ್ವಾಗಿಲ್ಲ" ಎಂದ ಭಾವ. "ದುರ್ಬೀನಲ್ಲಿ ನೋಡ್ದೆ ನಾನು. ಬಲೆ ಕಾಣ್ತು, ಹುಡುಗ ಚೆನ್ನಾಗವ್ನೆ ಅಂದೆ. ಬಲೆ ಏನೂ ಹೇಳಿರ್ಲಿಲ್ಲ, ತಾನೇ ಬಿದ್ದಿತ್ತು. ಹಂಗಾದ್ರೆ ಇಷ್ಟು ವರ್ಷ ನಾನು ನೋಡಿದ್ದೆಲ್ಲ ಏನು? ಒಳಗೆ ಪ್ರಜ್ಞೆ ತಪ್ಪಿದ್ದೋನ್ನ ಕಂಡೂ ಓಡ್ಲಿ ಓಡ್ಲಿ ಅಂದಿದೀನೋ ಏನೋ. ಶನಿವಾರದಿಂದ ಯೋಚ್ನೆ ಮಾಡ್ತಾನೆ ಇದೀನಿ, ಸರಿನೋ ತಪ್ಪೋ ಇನ್ನೂ ಹೊಳೀಲಿಲ್ಲ. ಅವಳಿಗೆ ಒಂದು ಉಸಿರೆಳೆಯೋಷ್ಟು ಟೈಮಿತ್ತು ಅಷ್ಟೆ." ಅವನು ಮಗಳ ಕಡೆ ತಿರುಗಿದ. "ನಿಂಗೆ ಅವತ್ತು ಗೊತ್ತಿತ್ತೇನಮ್ಮ?"

"ಇಲ್ಲಪ್ಪ" ಎಂದಳು ಟ್ವೈಲಾ. "ಹೊರಗೆ ಬತ್ತಾನೇನೋ ಅನ್ನಿಸ್ತು, ಅಷ್ಟೆ. ಗೊತ್ತಿದ್ರೆ ಹಸಿರೇ ಇಟ್ಟಿರ್ತಿದ್ದೆ. ಗೊತ್ತಿಲ್ದಿದ್ದಕ್ಕೇ ಹಳದಿ ಬೀಸಿದ್ದು."

ಕಾಡಿಲ್ ಗೋಡೆಗೆ ಒರಗಿ ನಿಂತಿದ್ದ. ಅವನು ಬಾಯಿಬಿಟ್ಟ: "ಕಪ್ಪು ಹೋಯ್ತು ಅಂತ ಹೊಟ್ಟೆ ಉರೀತದೆ. ಆದ್ರೆ ಆ ತಿರುವಿಂದ ಆಚೆ ನನಗೂ ಏನೂ ಕಾಣ್ತಿರ್ಲಿಲ್ಲ. ಅವಳು ಇರ್ಲಿ." ಇಷ್ಟು ಹೇಳಿ ಯಾರ ಮುಖವನ್ನೂ ನೋಡದೆ ಹೊರಟುಹೋದ. ಆಬ್ಶರ್ ಗಲ್ಲ ತುರಿಸಿಕೊಂಡು, ಬಾವುಟ ಅವಳ ಕೈಯಲ್ಲೇ ಇರುತ್ತದೆ, ಕಣ್ಣಾರೆ ಕಂಡದ್ದಕ್ಕೆ ಮೇಲಿನ ಅಪ್ಪಣೆ ಕಾಯಬೇಕಾಗಿಲ್ಲ ಎಂದ. ಭಾವ ದೊಪ್ಪನೆ ಕೂತು ನನ್ನ ತೊಡೆ ತಟ್ಟಿದ. ಕುರ್ಚಿ ಅಲ್ಲಾಡಿಸಿ ನೋಡುವುದನ್ನೂ ಮರೆತಿದ್ದ.

"ಇನ್ನೊಂದಿದೆ" ಎಂದಳು ಟ್ವೈಲಾ.

ಅವಳು ಚೀಲದಿಂದ ದಿಂಬು ತೆಗೆದು ಮೇಜಿನ ಮೇಲೆ, ಹೆಸರು ಎಲ್ಲರಿಗೂ ಕಾಣುವ ಹಾಗೆ ಇಟ್ಟಳು. ಟೈರಿನ ಕಪ್ಪು ಗುರುತು ಒಂದು ಮೂಲೆಗೆ ಹತ್ತಿತ್ತು.

"ಹಳದಿ ಬಿದ್ಮೇಲೆ ಬೇಲಿ ದಾಟಿ ಬಂದಿದ್ದು. ವರದಿ ಮಾಡೋದು ನನ್ ಕೆಲ್ಸ."

ಆಬ್ಶರ್ ದಿಂಬು ನೋಡಿದ, ಭಾವನನ್ನು ನೋಡಿದ, ಕೈಯಾಡಿಸಿದ. "ಏ, ಬಿಡಮ್ಮ. ನಿಮ್ಮಪ್ಪ ಅಲ್ವಾ. ಕೋಪದಲ್ಲಿ ಏನೋ ಆಯ್ತು. ಮನೆಗೆ ತಗೊಂಡೋಗು."

"ಬಾಗ್ಲ ಮೇಲೆ ಏನ್ ಬರ್ದಿದೆ, ಬರ್ಲ್ ಅಣ್ಣ?"

ಆಬ್ಶರ್ ಬಾಯಿ ತೆರೆಯುವ ಮೊದಲೇ ಉತ್ತರ ಬಂತು. ಕೊಟ್ಟವನು ಭಾವ.

"ಯಾರೇ ಆಗಿರ್ಲಿ" ಎಂದ.

ಟ್ವೈಲಾ ದಿಂಬನ್ನು ಆಬ್ಶರ್‌ನ ಕಡೆ ಸರಿಸಿದಳು. "ಸೀಸನ್ ಮುಗಿಯೋ ತನಕ, ಅಪ್ಪ."

"ಸರಿ" ಎಂದ ಭಾವ. ಆಮೇಲೆ, "ಸರಿನೇ" ಎಂದ. ಏಳಬೇಕೋ ಕೂರಬೇಕೋ ತಿಳಿಯದವನ ಹಾಗೆ ಅರ್ಧ ಎದ್ದು, ಅರ್ಧ ಕೂತು, ಕೊನೆಗೆ ಬಾಗಿಲ ಕಡೆ ನಡೆದ.

ಮನೆಗೆ ಬರುವಾಗ ದಾರಿಯುದ್ದಕ್ಕೂ ಅವನ ಮಾತು ಒಂದಕ್ಕೊಂದು ಸಂಬಂಧವಿಲ್ಲದೆ ಬರುತ್ತಿತ್ತು. ಸ್ವಂತ ಅಪ್ಪನ್ನ ಆಚೆ ಹಾಕೋ ಮಗಳು ಎಲ್ಲಾದರೂ ಉಂಟೇನೋ ಎಂದ. ಬಿಟ್ಟುಬಿಟ್ಟಿದ್ದರೆ ನಾನೇ ನಾಳೆ ಬಾಗಿಲಲ್ಲಿ ನಿಂತು ಗಲಾಟೆ ಮಾಡುತ್ತಿದ್ದೆ ಎಂದ. ಭಾನುವಾರ ಅವಳನ್ನು ಊಟಕ್ಕೆ ಕರೆಯಬೇಡ ಎಂದು ಅಕ್ಕನಿಗೆ ಹೇಳು ಎಂದ. ಮನೆ ಹತ್ತಿರ ಬಂದಾಗ, ಕೋಳಿ ಜಾಸ್ತಿ ಮಾಡಲು ಹೇಳು, ಹುಡುಗಿ ಇಳಿದುಹೋಗಿದ್ದಾಳೆ ಎಂದ. ಕತ್ತಲಲ್ಲಿ ಅವನ ಮುಖ ನನಗೆ ಕಾಣಲಿಲ್ಲ. ಅವನಿಗೆ ಸಿಟ್ಟೋ ಹೆಮ್ಮೆಯೋ ಎಂದು ಇವತ್ತಿಗೂ ನನಗೆ ಬಗೆಹರಿದಿಲ್ಲ.

ಅಂದಿನಿಂದ ಶನಿವಾರ ನಾವಿಬ್ಬರೂ ಮೂರನೇ ತಿರುವಿನ ಆಚೆಗಿನ ಬ್ಯಾಪ್ಟಿಸ್ಟ್ ಚರ್ಚಿನ ಗುಡ್ಡಕ್ಕೆ ಹೋಗುತ್ತೇವೆ. ಭಾವನ ಪಿಕಪ್ ಗಾಡಿಯ ಹಿಂದಿನ ಬಾಗಿಲು ಇಳಿಸಿ, ಅಕ್ಕ ಕೊಟ್ಟ ಕಂಬಳಿ ಹಾಸಿ ಕೂರುತ್ತೇವೆ. ದಿಂಬು ಆಬ್ಶರ್‌ನ ಆಫೀಸಿನಲ್ಲಿದೆ, ಸೀಸನ್ ಮುಗಿದ ಮೇಲೆ ಕೊಡುತ್ತಾರಂತೆ. ನನಗೇನೂ ಒಳಗೆ ಹೋಗಲು ಅಡ್ಡಿಯಿಲ್ಲ, ಆದರೆ ಅವನಿಲ್ಲದೆ ಅಲ್ಲಿ ಕೂತು ಏನು ಮಾಡಲಿ? ಗುಡ್ಡದಿಂದ ದೀಪದ ಕಂಬಗಳ ತುದಿ ಬಿಟ್ಟರೆ ಟ್ರ್ಯಾಕು ಕಾಣುವುದಿಲ್ಲ. ಸದ್ದು ಪೂರ್ತಿ ಬರುತ್ತದೆ. ಹೆಡ್‌ಫೋನಿನ ಒಂದು ಕಿವಿ ಅವನಿಗೆ, ಒಂದು ಕಿವಿ ನನಗೆ.

ಕಳೆದ ವಾರ ಕಾಡಿಲ್ ಮತ್ತೆ ಮುಂದಿದ್ದ. ಕೊನೆಯ ಸುತ್ತುಗಳು. ಭಾವ ಎದ್ದು ನಿಂತಿದ್ದ, ಏನೂ ಕಾಣದಿದ್ದರೂ ದುರ್ಬೀನು ಕಣ್ಣಿಗಿತ್ತು. ರೇಡಿಯೋದಲ್ಲಿ ಟ್ವೈಲಾಳ ದನಿ ಬಂತು: "ಹಳದಿ. ಹಳದಿ."

"ಯಾಕಮ್ಮ?" ಎಂದಿತು ಆಬ್ಶರ್‌ನ ದನಿ. "ನಂಗೇನೂ ಕಾಣ್ತಿಲ್ಲ."

ಗುಡ್ಡದ ಕೆಳಗಿಂದ ಜನರ ಬೈಗುಳ ಎದ್ದು ಬಂತು. ಭಾವನ ಬಾಯಿ ಅಭ್ಯಾಸಬಲದಿಂದ ತೆರೆದುಕೊಂಡಿತು. ತೆರೆದದ್ದು ಹಾಗೇ ಇತ್ತು, ದನಿ ಹೊರಡಲಿಲ್ಲ.

"ಏನಾಯ್ತಂತೆ ಭಾವ?" ಎಂದೆ.

ಅವನು ದುರ್ಬೀನು ಇಳಿಸಿ ಮೆಲ್ಲಗೆ ಕಂಬಳಿಯ ಮೇಲೆ ಕೂತ.

"ಗೊತ್ತಿಲ್ಲ ಕಣ್ಲಾ" ಎಂದ. "ಅವಳಿಗೆ ಏನೋ ಕಂಡಿರ್ಬೇಕು."